ಎರಡು ಸೆಂಟ್ ಹುಲ್ಲಿಗೆ ಯಾವ ಬ್ಯಾಟರಿ ಮೆಷಿನ್?

ಓದುಗರ ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆ. ಮುಂದುಗಡೆ ಎರಡು ಸೆಂಟ್‌ನಷ್ಟು ಹುಲ್ಲುಹಾಸು, ಪಕ್ಕದಲ್ಲಿ ಒಂದು ಬರೆ (ಕಡಿದಾದ ಮಣ್ಣಿನ ಏರು), ಗೇಟಿನ ತನಕ ದಾಸವಾಳದ ಬೇಲಿ. ತೋಟದಲ್ಲಿ ಕಾಡು (ಕಳೆ) ಹೊಡೆಯುವ ಪೆಟ್ರೋಲ್ ಮೆಷಿನ್ ಇದೆ. ಆದರೆ ಅದನ್ನು ಹೆಗಲಿಗೆ ಹಾಕಿಕೊಂಡರೆ ಸಂಜೆಗೆ ಸೊಂಟ ಹಿಡಿಯುತ್ತದೆ. ನನಗೆ ಅರವತ್ತೆರಡು. ಅರ್ಧ ದಿನದ ಕೆಲಸಕ್ಕೆ ಅಂತ ಈಗ ಯಾರೂ ಬರುವುದಿಲ್ಲ. ಹಗುರವಾದ ಬ್ಯಾಟರಿ ಮೆಷಿನ್ ತಗೊಳ್ಳಬಹುದಾ? ತಗೊಂಡರೆ ಯಾವುದು?

ಉತ್ತರ: ಖಂಡಿತ ತಗೊಳ್ಳಬಹುದು. ಎರಡು ಸೆಂಟ್ ಅಂದರೆ ಸುಮಾರು 870 ಚದರ ಅಡಿ. ಅಷ್ಟಕ್ಕೆ 18 ವೋಲ್ಟ್‌ನ ಒಂದು ಟ್ರಿಮ್ಮರ್, ಅದಕ್ಕೆ 4 ಎಎಚ್‌ನ ಎರಡು ಬ್ಯಾಟರಿ ಸಾಕು. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ. ಉದ್ದ ಕೋಲಿನ ತುದಿಯಲ್ಲಿ ನೈಲಾನ್ ದಾರ ಗಿರಗಿರ ತಿರುಗುತ್ತದಲ್ಲ, ಅದೇ ಟ್ರಿಮ್ಮರ್. ತಳ್ಳಿಕೊಂಡು ಹೋಗುವ ಮೋವರ್ ಸದ್ಯಕ್ಕೆ ಬೇಡ. ಅಂಗಡಿಗೆ ಹೋದರೆ ನಾಲ್ಕು ಥರ ಹೇಳುತ್ತಾರೆ, ಮೊಬೈಲ್ ತೆರೆದರೆ ನಲವತ್ತು ಥರ ತೋರಿಸುತ್ತದೆ. ಹಾಗಾಗಿ ಕಾರಣವನ್ನೂ ಹೇಳಿಬಿಡುತ್ತೇನೆ.

ನಿಮ್ಮ ಪೆಟ್ರೋಲ್ ಮೆಷಿನ್ ಕೆಟ್ಟದ್ದಲ್ಲ. ಅದು ಕಾಫಿ ಗಿಡಗಳ ನಡುವೆ ಸೊಂಟದೆತ್ತರ ಬೆಳೆದ ಕಾಡು ಹೊಡೆಯಲು ಮಾಡಿದ್ದು. ಎಂಜಿನ್, ಟ್ಯಾಂಕ್, ಪೆಟ್ರೋಲು, ಬೆಲ್ಟು ಎಲ್ಲ ಸೇರಿ ಆರೇಳು ಕಿಲೋ ದಾಟುತ್ತದೆ. ಅಂಗಳದ ಹುಲ್ಲಿಗೆ ಅದನ್ನು ಎತ್ತುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಬ್ಯಾಟರಿ ಟ್ರಿಮ್ಮರ್ ಬ್ಯಾಟರಿ ಸಮೇತ ಎರಡರಿಂದ ಮೂರು ಕಿಲೋ ಇರುತ್ತದೆ. ಸದ್ದೂ ಕಮ್ಮಿ. ಮನೆಯಲ್ಲಿ ಮಗು ಮಲಗಿದ್ದರೂ ಕೆಲಸ ಮುಗಿಸಬಹುದು.

ಆದರೆ ಡಬ್ಬದ ಮೇಲೆ ಬರೆದ ತೂಕ ನಂಬಬೇಡಿ. ಎಷ್ಟೋ ಕಡೆ ಬ್ಯಾಟರಿ ಬಿಟ್ಟು ತೂಕ ಬರೆದಿರುತ್ತಾರೆ. 4 ಎಎಚ್ ಬ್ಯಾಟರಿಯೇ ಅರ್ಧ ಕಿಲೋಗಿಂತ ಜಾಸ್ತಿ. ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅಂತ ನೋಡಿ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಒಂದು ಥರ, ಕೈ ಚಾಚಿ ಹಿಡಿದರೆ ಇನ್ನೊಂದು ಥರ, ಅಲ್ವಾ? ಕೆಲವು ಟ್ರಿಮ್ಮರ್‌ಗಳಲ್ಲಿ ಮೋಟರ್ ಕೆಳಗೆ, ದಾರದ ತಲೆಯಲ್ಲೇ ಇರುತ್ತದೆ. ಹಿಂದೆ ಬ್ಯಾಟರಿ ಕೂತಾಗ ಎರಡೂ ಕಡೆ ತೂಗಿ ತಕ್ಕಡಿಯಂತೆ ನಿಂತರೆ ಸರಿ. ತಲೆಯೇ ಭಾರವಾಗಿ ಮೂಗು ನೆಲಕ್ಕೆ ಹೊಡೆಯುವಂತಿದ್ದರೆ ಎರಡು ಕಿಲೋ ಮೆಷಿನ್ನೂ ಹತ್ತು ನಿಮಿಷದಲ್ಲಿ ಐದು ಕಿಲೋ ಅನ್ನಿಸುತ್ತದೆ.

ಅದಕ್ಕೇ ಇದನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಲ್ಲಿ ತೋಟದ ಮೆಷಿನ್ ಮಾರುವ ಅಂಗಡಿಗಳಿವೆ. "ಅಣ್ಣ, ಬ್ಯಾಟರಿ ಹಾಕಿ ಕೊಡಿ" ಅನ್ನಿ. ದಾರದ ತಲೆಯನ್ನು ನೆಲದಿಂದ ಎರಡು ಬೆರಳು ಮೇಲೆ ಹಿಡಿದು, ಎಡಕ್ಕೂ ಬಲಕ್ಕೂ ಬೀಸುತ್ತಾ ನೂರು ಎಣಿಸಿ. ಜನ ನೋಡಿದರೆ ನೋಡಲಿ. ಎಂಬತ್ತರ ಹೊತ್ತಿಗೆ ಮುಂಗೈ ನೋಯಲು ಶುರುವಾದರೆ ಅಥವಾ ಬೆನ್ನು ಬಾಗಿದರೆ ಆ ಮೆಷಿನ್ ನಿಮ್ಮದಲ್ಲ. ಕೋಲಿನ ಉದ್ದವನ್ನು ಹೆಚ್ಚುಕಮ್ಮಿ ಮಾಡುವಂತಿರಬೇಕು. ಮುಂದಿನ ಹಿಡಿಯನ್ನೂ ಸರಿಸುವಂತಿರಬೇಕು. ನಿಮ್ಮ ಸೊಂಟಕ್ಕೆ ಇವೆರಡೇ ಮದ್ದು.

ಈಗ ವೋಲ್ಟಿನ ಕಥೆ. ಇಲ್ಲಿ ನಾನೂ ಮೋಸ ಹೋಗಿದ್ದೇನೆ. ಮೂರು ವರ್ಷದ ಹಿಂದೆ ಮೊಬೈಲಿನಲ್ಲಿ ನೋಡಿ ಒಂದು ಸೆಟ್ ತರಿಸಿದೆ. ಬ್ಯಾಟರಿ ಮೇಲೆ ದಪ್ಪಕ್ಷರದಲ್ಲಿ 48 ವೋಲ್ಟ್ ಅಂತ ಸ್ಟಿಕರ್. ಗರಿಕೆ ಕತ್ತರಿಸುವಾಗ ಚೆನ್ನಾಗೇ ಇತ್ತು. ಹೂವಿನ ಪಾತಿಯಿಂದ ಬರೆ ಕಡೆಗೆ ತಿರುಗಿದ್ದೇ ತಡ, ಉಸಿರು ಬಿಟ್ಟಿತು. ಗಡಿಯಾರ ನೋಡಿದರೆ ಹನ್ನೊಂದು ನಿಮಿಷ. ಪರಿಚಯದ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಒಳಗೆ ಐದೇ ಸೆಲ್! ಒಂದು ಲಿಥಿಯಂ ಸೆಲ್‌ಗೆ 3.6 ವೋಲ್ಟ್. ಐದಕ್ಕೆ 18. ನಿಜವಾದ 48 ವೋಲ್ಟ್ ಆಗಬೇಕಾದರೆ ಹದಿಮೂರು ಸೆಲ್ ಸಾಲಾಗಿ ಕೂರಬೇಕು. ಅಷ್ಟು ಸಣ್ಣ ಡಬ್ಬಿಯಲ್ಲಿ ಅದು ಹಿಡಿಯುವುದೇ ಇಲ್ಲ. "98" ಅಂತ ಏನೇನೋ ಬರೆದ ಸ್ಟಿಕರ್‌ಗಳೂ ಬರುತ್ತವೆ, ಅವೂ ಇದೇ ಜಾತಿ.

ಒಳ್ಳೆ ಕಂಪನಿಗಳಲ್ಲೂ ಒಂದು ಸಣ್ಣ ಗೊಂದಲ ಇದೆ. ಕೆಲವರು 18 ವೋಲ್ಟ್ ಅಂತ ಬರೆಯುತ್ತಾರೆ, ಕೆಲವರು 20 ವೋಲ್ಟ್ ಮ್ಯಾಕ್ಸ್ ಅಂತ. ಎರಡೂ ಒಂದೇ. ಪೂರ್ತಿ ಚಾರ್ಜ್ ಆದ ಕೂಡಲೇ ಅಳೆದರೆ 20, ಕೆಲಸದ ಹೊತ್ತಿಗೆ 18. ಎರಡು ವೋಲ್ಟ್ ಜಾಸ್ತಿ ಸಿಕ್ಕಿತು ಅಂತ ಜಾಸ್ತಿ ದುಡ್ಡು ಕೊಡಬೇಡಿ.

ವೋಲ್ಟನ್ನು ಎಎಚ್‌ನಿಂದ ಗುಣಿಸಿ. ಬರುವ ಲೆಕ್ಕ ವ್ಯಾಟ್-ಅವರ್. ಅದೇ ಬ್ಯಾಟರಿಯ ನಿಜವಾದ ಹೊಟ್ಟೆ. 18 ಗುಣಿಸು 4 ಅಂದರೆ 72. ಮಾಮೂಲಿ ಹುಲ್ಲಿನಲ್ಲಿ ಟ್ರಿಮ್ಮರ್ 250 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಂಡರೆ ಹದಿನೇಳು ನಿಮಿಷ ಓಡುತ್ತದೆ. ನನ್ನ ಆ ಸ್ಟಿಕರ್ ಬ್ಯಾಟರಿ 1.5 ಎಎಚ್ ಇತ್ತು, ಅಂದರೆ ಬರೀ 27 ವ್ಯಾಟ್-ಅವರ್. ಅಷ್ಟು ಹೊತ್ತು ಓಡಿದ್ದೇ ಹೆಚ್ಚು. ನಿಮಗೆ ಎರಡು ಬ್ಯಾಟರಿ ಅಂದದ್ದು ಇದಕ್ಕೇ. ಒಂದರಲ್ಲಿ ಮುಕ್ಕಾಲು ಪಾಲು ಹುಲ್ಲು, ಇನ್ನೊಂದರಲ್ಲಿ ಉಳಿದದ್ದು ಮತ್ತು ಬರೆ. ಬ್ಯಾಟರಿ ಬದಲಿಸುವ ನೆಪದಲ್ಲಿ ಒಂದು ಲೋಟ ಕಾಫಿ ಕುಡಿದು ಕೈಗೂ ರೆಸ್ಟ್ ಕೊಡಿ. ಇನ್ನೂ ದೊಡ್ಡ ಒಂದೇ ಬ್ಯಾಟರಿ ಹಾಕಿದರೆ ಓಡುವುದು ಜಾಸ್ತಿ ಹೊತ್ತು, ಆದರೆ ಆ ಭಾರ ಹೊರುವವರು ನೀವು.

ಬ್ಯಾಟರಿ ವಿಷಯದಲ್ಲಿ ಇನ್ನೊಂದು ಮಾತು. ಮೆಷಿನ್ ಕೊಳ್ಳುವುದು ಅಂದರೆ ಒಂದು ಬ್ಯಾಟರಿ ಮನೆತನದ ಜೊತೆ ಸಂಬಂಧ ಬೆಳೆಸಿದ ಹಾಗೆ. ಸಾಮಾನ್ಯವಾಗಿ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮೆಷಿನ್ನಿಗೆ ಕೂರುವುದಿಲ್ಲ. ಒಂದೇ ಕಂಪನಿಯೊಳಗೂ ಬೇರೆ ಬೇರೆ ಮನೆಗಳಿವೆ. ಬಾಷ್‌ನಲ್ಲಿ ಹಸಿರು ಬಣ್ಣದ್ದು ಮನೆ ಬಳಕೆಗೆ, ನೀಲಿ ಬಣ್ಣದ್ದು ಕಸುಬಿನವರಿಗೆ. ಎರಡೂ 18 ವೋಲ್ಟ್ ಆದರೂ ಅದಲು ಬದಲು ಆಗುವುದಿಲ್ಲ. ಮಕೀಟಾದ 18 ವೋಲ್ಟ್ ಬ್ಯಾಟರಿ ಅವರದೇ 40 ವೋಲ್ಟ್ ಮೆಷಿನ್ನಿಗೆ ಹೊಂದುವುದಿಲ್ಲ. ಮನೆಯಲ್ಲಿ ಮೊದಲೇ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಬ್ಯಾಟರಿಯ ಟ್ರಿಮ್ಮರ್ ಸಿಗುತ್ತದಾ ನೋಡಿ. ಬ್ಯಾಟರಿ, ಚಾರ್ಜರ್ ಇಲ್ಲದ ಬರೀ ಮೆಷಿನ್ ಅಂತಲೂ ಮಾರುತ್ತಾರೆ. ಅಗ್ಗ ಅಂತ ತಂದು, ಡಬ್ಬ ಬಿಚ್ಚಿ, ಬ್ಯಾಟರಿ ಎಲ್ಲಿ ಅಂತ ಹುಡುಕಿದವರು ನಮ್ಮ ಊರಲ್ಲೇ ಇದ್ದಾರೆ.

ಬೇಲಿಗೂ ಅದೇ ಬ್ಯಾಟರಿ ಹಾಕುವ ಹೆಡ್ಜ್ ಟ್ರಿಮ್ಮರ್ ಸಿಗುತ್ತದೆ. ಎಳೆ ಚಿಗುರಿಗೆ ಚೆನ್ನ. ಬೆರಳಿಗಿಂತ ದಪ್ಪದ ದಾಸವಾಳದ ಕಡ್ಡಿ ಸಿಕ್ಕಿದರೆ ಹಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ, ಅದಕ್ಕೆ ಕತ್ತಿಯೇ ಸೈ. ಮೊದಲ ವರ್ಷ ದೊಡ್ಡ ಕತ್ತರಿಯಲ್ಲೇ ಕಳೆಯಿರಿ. ಬ್ಲೋವರ್ ಬಗ್ಗೆ ಕೇಳಬೇಡಿ. ಬೇಸಿಗೆಯಲ್ಲಿ ಒಣಗಿದ ಸಿಲ್ವರ್ ಓಕ್ ಎಲೆ ಹಾರಿಸಲು ಮಜಾ ಇರುತ್ತದೆ, ಮಳೆಗಾಲದಲ್ಲಿ ಒದ್ದೆ ಎಲೆ ನೆಲಕ್ಕೆ ಅಂಟಿದರೆ ಅಲ್ಲಾಡುವುದೂ ಇಲ್ಲ. ಕಡ್ಡಿ ಪೊರಕೆಗೆ ಚಾರ್ಜ್ ಬೇಡ.

ಮೋವರ್ ಯಾಕೆ ಬೇಡ ಅಂದರೆ, ಅದಕ್ಕೆ ಸಮತಟ್ಟಾದ, ಒಣಗಿದ ನೆಲ ಬೇಕು. ಬ್ಯಾಟರಿ ಮೋವರ್ ಸಾಮಾನ್ಯವಾಗಿ ಹತ್ತು ಕಿಲೋಗೂ ಮೇಲೆ. ನಮ್ಮ ಮನೆಗಳಲ್ಲಿ ಅಂಗಳ ಒಂದು ಮಟ್ಟ, ಹುಲ್ಲು ಇನ್ನೊಂದು ಮಟ್ಟ, ನಡುವೆ ಆರು ಮೆಟ್ಟಿಲು. ಅದನ್ನು ಎತ್ತಿ ಇಳಿಸುವಷ್ಟರಲ್ಲಿ ನಿಮ್ಮ ಸೊಂಟದ ಕಥೆ ಮೊದಲಿಂದ ಶುರು. ಕುಶಾಲನಗರದ ಕಡೆ ಮಳೆ ಕಮ್ಮಿ, ಜಾಗವೂ ಚಪ್ಪಟೆ. ಅಲ್ಲಿಯವರು ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ.

ಇನ್ನು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನರ್ಸರಿಯವರು ಕಾರ್ಪೆಟ್ ಗ್ರಾಸ್ ಅಂತ ಕೊಡುವ ಅಗಲ ಎಲೆಯ ಹುಲ್ಲು ಆ ನಾಲ್ಕು ತಿಂಗಳು ಹೇಳಿದ ಮಾತು ಕೇಳುವುದಿಲ್ಲ. ಹಗುರ ಮೆಷಿನ್ನಿನ ಮಿತಿ ಗೊತ್ತಾಗುವುದು ಆಗಲೇ. ಮೊಣಕಾಲೆತ್ತರದ ಒದ್ದೆ ಹುಲ್ಲಿಗೆ ಹಾಕಿದರೆ ಹುಲ್ಲು ತಲೆಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಮೋಟರ್ ಬಿಸಿಯಾಗಿ ತಾನೇ ನಿಲ್ಲುತ್ತದೆ. ಹಗುರ ಮೆಷಿನ್ ಇಟ್ಟುಕೊಂಡವರು ಪದೇ ಪದೇ, ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಮೇ ಕೊನೆಯಲ್ಲಿ ಒಂದು ಸಲ ನೀಟಾಗಿ ಮುಗಿಸಿಬಿಡಿ. ಆಮೇಲೆ ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಕೊಡವ ತಿಂಗಳು) ಅರ್ಧ ದಿನ ಬಿಸಿಲು ಬಂದರೂ ಬಿಡಬೇಡಿ. ಮಧ್ಯಾಹ್ನ ನೀರು ಆರಿದ ಮೇಲೆ ತುದಿ ಮಾತ್ರ ತೆಗೆಯಿರಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗ ಸಾಕು. ಕೈಮೀರಿ ಬೆಳೆದಿದ್ದರೆ ಇವತ್ತು ಮೇಲಿನ ಅರ್ಧ, ಎರಡು ದಿನ ಬಿಟ್ಟು ಕೆಳಗಿನದು. ಎರಡು ಇಂಚಿಗಿಂತ ಕೆಳಗೆ ಬೋಳಿಸಿದರೆ ಮುಂದಿನ ಮಳೆಗೆ ಅಂಗಳವೆಲ್ಲ ಕೆಂಪು ಕೆಸರು. ಮೆಷಿನ್ನಿಗೆ ಹನಿ ತಾಗಿದರೆ ತಡೆಯುತ್ತದೆ ಅಂತ ಬರೆದಿದ್ದರೂ ಸುರಿಯುವ ಮಳೆಯಲ್ಲಿ ಹೊರಗೆ ತೆಗೆಯಬೇಡಿ.

ಬರೆಯನ್ನು ಇನ್ನೂ ಉದ್ದ ಬಿಡಿ, ನಾಲ್ಕು ಇಂಚಾದರೂ ಇರಲಿ. ಅಲ್ಲಿ ಹುಲ್ಲು ಅಂದಕ್ಕಲ್ಲ, ಮಣ್ಣು ಹಿಡಿಯಲು. ಬುಡದ ತನಕ ಬೋಳಿಸಿದರೆ ಬೇರೂ ಸೊರಗುತ್ತದೆ. 2018ರ ಆಗಸ್ಟ್ ತಿಂಗಳ ಭೂಕುಸಿತ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೆ ಮೇಲೆ ಹತ್ತಿ ನಿಲ್ಲಬೇಡಿ. ಕೆಳಗೆ ಗಟ್ಟಿ ನೆಲದಲ್ಲಿ ನಿಂತು ಕೈಗೆ ಎಟುಕುವಷ್ಟನ್ನೇ ಮಾಡಿ.

ದಾರದ ವಿಷಯ. ಇಂಥ ಸಣ್ಣ ಮೆಷಿನ್ನಿಗೆ ಹೆಚ್ಚಾಗಿ 1.6 ಮಿಲಿಮೀಟರ್ ದಾರ. ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕ ನೋಡಿ. ತೋಟದ ಮೆಷಿನ್ನಿನ ದಪ್ಪ ದಾರ ಮಿಕ್ಕಿದೆ ಅಂತ ಹಾಕಿದರೆ ಮೋಟರ್ ಏದುಸಿರು ಬಿಡುತ್ತದೆ. ಪುಸ್ತಕದಲ್ಲಿ ಹೇಳದೆ ಇದ್ದರೆ ಕಬ್ಬಿಣದ ಬ್ಲೇಡಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ದಾರ ಒಣಗಿ ಪಟಪಟ ತುಂಡಾಗುತ್ತದೆ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಮೆದುವಾಗಿರುತ್ತದೆ. ದಾರ ಸುತ್ತುವ ಸ್ಪೂಲ್ ಬೇರೆಯಾಗಿ ಸಿಗುತ್ತದಾ ಅಂತ ಮೆಷಿನ್ ಕೊಳ್ಳುವ ಮೊದಲೇ ಕೇಳಿ. ಇಲ್ಲ ಅಂದರೆ ಆ ಅಂಗಡಿಯಿಂದ ಹೊರಡಿ.

ಬರೀ ದಾರ ತಾನೇ ಅಂತ ಸಸಾರ ಮಾಡಬೇಡಿ. ನಮ್ಮ ಹುಲ್ಲಿನ ಅಂಚಿನಲ್ಲಿ ಒಂದು ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಪ್ಪ ನೆಟ್ಟದ್ದು, ಹನ್ನೆರಡು ವರ್ಷದ್ದು. ಬುಡದ ಸುತ್ತ ಹುಲ್ಲು ತೆಗೆಯುತ್ತಾ ತೆಗೆಯುತ್ತಾ ಬಳ್ಳಿಯ ಸಿಪ್ಪೆಯನ್ನೇ ಸುತ್ತ ಸುಲಿದುಬಿಟ್ಟೆ. ಆಗ ಗೊತ್ತೇ ಆಗಲಿಲ್ಲ. ವಾರ ಕಳೆದ ಮೇಲೆ ಎಲೆಗಳು ಜೋತುಬಿದ್ದವು. ಆ ಮಳೆಗಾಲದಲ್ಲೇ ಬಳ್ಳಿ ಹೋಯಿತು. ಅಪ್ಪ ಬೈಯಲಿಲ್ಲ. ಊಟಕ್ಕೆ ಕೂತಾಗ ಆ ಮರದ ಕಡೆ ನೋಡುತ್ತಿದ್ದರು, ಅಷ್ಟೇ. ಈಗ ಬಳ್ಳಿ, ಕಿತ್ತಳೆ ಗಿಡ, ಗುಲಾಬಿ ಯಾವುದೇ ಇರಲಿ, ಬುಡದಿಂದ ಒಂದು ಗೇಣು ಬಿಟ್ಟು ಮೆಷಿನ್ ನಿಲ್ಲಿಸುತ್ತೇನೆ. ಆ ಒಂದು ಗೇಣಿನ ಹುಲ್ಲು ಕೈಯಲ್ಲೇ ಕೀಳುವುದು.

ಕಣ್ಣಿಗೆ ಕನ್ನಡಕ ಬೇಕು, ಓದುವ ಕನ್ನಡಕ ಸಾಲದು, ಬದಿ ಮುಚ್ಚುವಂಥದ್ದು. ಹವಾಯಿ ಚಪ್ಪಲಿ ಬೇಡ, ಗಮ್ ಬೂಟ್ ಹಾಕಿ. ಕಲ್ಲಿಗೂ ಆಯಿತು, ಜಿಗಣೆಗೂ ಆಯಿತು. ಮಕ್ಕಳು, ನಾಯಿ, ಕಾರು ಎಲ್ಲ ದೂರ ಇರಲಿ.

ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಬ್ಯಾಟರಿ ಕೂರುವ ಹಿತ್ತಾಳೆ ಬಣ್ಣದ ಪಟ್ಟಿಗಳ ಮೇಲೆ ಹಸಿರು ಪುಡಿ ಕೂತರೆ ಮೆಷಿನ್ ಒಮ್ಮೆ ಓಡುತ್ತದೆ, ಒಮ್ಮೆ ಮುಷ್ಕರ ಹೂಡುತ್ತದೆ. ಕೆಲಸ ಮುಗಿದ ಕೂಡಲೇ ಬ್ಯಾಟರಿ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಹೊಸ ಶೂ, ಬ್ಯಾಗಿನ ಜೊತೆ ಬರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಅಂಥ ನಾಲ್ಕನ್ನು ಈ ಡಬ್ಬದೊಳಗೆ ಹಾಕಿ. ವಾರಗಟ್ಟಲೆ ಬಳಸುವುದಿಲ್ಲ ಅಂತಾದರೆ ಅರ್ಧ ಚಾರ್ಜಿನಲ್ಲಿ ಇಡಬೇಕು. ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿಡುವ ಅಭ್ಯಾಸ ಮೆಣಸಿಗೆ ಸರಿ, ಲಿಥಿಯಂಗೆ ಸರಿ ಅಲ್ಲ. ಮರ ಬಿದ್ದು ಮೂರು ದಿನ ಕರೆಂಟ್ ಹೋದರೆ ಏನು ಮಾಡುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಂಥ ದಿನ ಮಳೆಯೂ ಹೊಡೆಯುತ್ತಿರುತ್ತದೆ, ಹುಲ್ಲಿಗೆ ಕೈಹಾಕುವ ಪ್ರಶ್ನೆಯೇ ಇಲ್ಲ.

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಹೇಗೂ ತೋಕ್ (ಕೋವಿ), ಕತ್ತಿ ಎಲ್ಲ ತೊಳೆದು ಒರೆಸುವ ದಿನ. ಟ್ರಿಮ್ಮರ್‌ನ ವಾರ್ಷಿಕ ಸರ್ವಿಸ್ ಅಂದೇ ಮಾಡಿಬಿಡಿ: ತಲೆ ಬಿಚ್ಚಿ ಒಣಗಿದ ಹುಲ್ಲು ತೆಗೆಯಿರಿ, ಹೊಸ ದಾರ ಸುತ್ತಿ, ಗಾಳಿ ಹೋಗುವ ಸಂದುಗಳನ್ನು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ನಮ್ಮ ಮನೆಯಲ್ಲಿ ಕಳೆದ ವರ್ಷ ಅದನ್ನೂ ಕೋವಿಯ ಪಕ್ಕದಲ್ಲಿ ಸಾಲಾಗಿ ಇಟ್ಟು, ತೋಕ್ ಪೂ ಅನ್ನುವ ಹೂ ಸಿಕ್ಕಿಸಿ, ಪೂಜೆ ಮಾಡಿದೆವು. ನೀವೂ ಇಡುವುದಾದರೆ ಗಂಧ ಹಚ್ಚುವ ಮೊದಲು ಬ್ಯಾಟರಿ ತೆಗೆದಿಡಿ. ಅವ್ವ ಸ್ವಿಚ್ ಮೇಲೆಯೇ ಭಕ್ತಿಯಿಂದ ಹಚ್ಚಿದ ಗಂಧ ಒಣಗಿ ಒಳಗೆ ಕೂತು, ಅದನ್ನು ಸೂಜಿಯಲ್ಲಿ ಕೆರೆದು ತೆಗೆಯಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು.