ಗೇಟಿನ ಮೇಲಿನ ಸೀಮೆಸುಣ್ಣದ ಗುರುತು

ಮೈಸೂರಿನ ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ಒಂದು ಬೆಳಿಗ್ಗೆ ನಾಲ್ಕು ಮನೆಗಳ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಕಾಣಿಸಿತು. ಒಂದು ಬಾಣ, ಅದರ ಕೆಳಗೆ 3 ಎಂಬ ಅಂಕಿ, ಪಕ್ಕದಲ್ಲೊಂದು ಅಡ್ಡಗೀಟು. ಹತ್ತು ಗಂಟೆಯ ಹೊತ್ತಿಗೆ ಅದರ ಫೋಟೊ ಬೀದಿಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು. ಜೊತೆಗೆ ಎಲ್ಲಿಂದಲೋ ಬಂದ ಒಂದು ಪಟ್ಟಿ: ಇಂಗ್ಲಿಷಿನ ಎಕ್ಸ್ ಇದ್ದರೆ ಕದಿಯಲು ತಕ್ಕ ಮನೆ, ಐದು ವೃತ್ತಗಳಿದ್ದರೆ ದುಡ್ಡಿರುವ ಮನೆ, ಹೀಗೆ ಸಾಗುವ ಪಟ್ಟಿ. ಹನ್ನೊಂದಕ್ಕೆ ಹೆಗಲ ಮೇಲೆ ಬೆಡ್‌ಶೀಟಿನ ಗಂಟು ಹೊತ್ತ ಹುಡುಗನೊಬ್ಬ ಬೀದಿಗೆ ಕಾಲಿಟ್ಟ.

ಏಳೆಂಟು ಜನ ಅವನನ್ನು ಸುತ್ತುವರಿದರು. ಯಾವ ಊರು, ಯಾರು ಕಳಿಸಿದರು, ಆಧಾರ್ ಎಲ್ಲಿ. ಅವನು ಅಂಗಿಯ ಜೇಬಿನಿಂದ ಬೆವರಿಗೆ ಮೆತ್ತಗಾದ ಪ್ಲಾಸ್ಟಿಕ್ ಕವರನ್ನು ತೆಗೆದು ಕಾರ್ಡು ತೋರಿಸಿದ. ಸಾಲದೆನ್ನಿಸಿರಬೇಕು, ಯಾರೂ ಕೇಳದಿದ್ದರೂ ಗಂಟು ಬಿಚ್ಚಿ ಒಂದೊಂದೇ ಬೆಡ್‌ಶೀಟನ್ನು ಡಾಂಬರಿನ ಮೇಲೆ ಹರಡಿದ. ಒಳಗೆ ಏನೂ ಇಲ್ಲ ಎಂದು ತೋರಿಸಲು. ಕೊನೆಗೆ ಎಲ್ಲರೂ ಹೋದ ಮೇಲೆ ಧೂಳು ಕೊಡವಿ, ಹಳೆಯ ಮಡಿಕೆಯ ಗೆರೆ ತಪ್ಪದಂತೆ ಮತ್ತೆ ಮಡಿಸತೊಡಗಿದ. ನಾನು ನನ್ನ ಗೇಟಿನ ಬಳಿಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ಸಂಕಟವೇ ಈ ಬರಹಕ್ಕೆ ಕಾರಣ.

ಮೂರು ದಿನಗಳ ಬಳಿಕ ಹಾರೆ, ಗುದ್ದಲಿ ಹಿಡಿದ ಕೆಲಸಗಾರರು ಬಂದು ಬಾಣ ತೋರಿಸಿದ ಕಡೆಯೇ ಅಗೆದರು. ಪೈಪು ಹಾಕಲು ಮಾಡಿಕೊಂಡ ಗುರುತು ಅದು. ಗುಂಪಿನಲ್ಲಿ ಆ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ.

ಮನೆಯ ಗೋಡೆ, ಬಾಗಿಲ ಮೇಲೆ ಪರರು ಗುರುತು ಹಾಕುವುದು ನಮಗೆ ಹೊಸದಲ್ಲ. ಮಲೇರಿಯಾ ವಿರುದ್ಧ ಡಿಡಿಟಿ ಸಿಂಪಡಿಸಿದವರು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಜನಗಣತಿಯವರು ಬಾಗಿಲ ಮೇಲೆ ಸಂಖ್ಯೆ ಬರೆದರು. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾಯಿತು. ಮನೆಮನೆಗೆ ಬರುವ ತಂಡದವರ ಕೈಯಲ್ಲೂ ಸೀಮೆಸುಣ್ಣವಿತ್ತು. ಆ ಮನೆಯ ಮಕ್ಕಳಿಗೆಲ್ಲ ಹನಿ ಹಾಕಿ ಆಗಿದ್ದರೆ ‘ಪಿ’, ಯಾವುದಾದರೂ ಮಗು ಬಿಟ್ಟುಹೋಗಿದ್ದರೆ ‘ಎಕ್ಸ್’. ಜೊತೆಗೆ ತಂಡದ ಸಂಖ್ಯೆ, ದಿನಾಂಕ, ಮುಂದೆ ಯಾವ ಕಡೆ ಹೋದರು ಎಂದು ತಿಳಿಸುವ ಬಾಣ. ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಕಳ್ಳರ ಗುರುತಾಗಿರುವ ಅದೇ ‘ಎಕ್ಸ್’ಗೆ ಆಗ ಇದ್ದ ಅರ್ಥ, ‘ಇಲ್ಲೊಂದು ಮಗು ಉಳಿದಿದೆ, ಮತ್ತೊಮ್ಮೆ ಬನ್ನಿ’ ಎಂದು. ಆ ಗೀಟುಗಳನ್ನು ಹಿಡಿದು ಮತ್ತೆ ಮತ್ತೆ ಬಾಗಿಲು ತಟ್ಟಿದ್ದರಿಂದಲೇ 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದಕ್ಕಿತು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮುನ್ನ ವಿದ್ಯುತ್ ಮೀಟರ್ ಓದುವವರು ಮನೆಗಳಿಗೆ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿದರು. ಈಗಲೂ ಎಷ್ಟೋ ಬಾಗಿಲುಗಳ ಪಕ್ಕದಲ್ಲಿ ಅದು ಇದೆ.

ಇನ್ನೊಂದು ಗುರುತನ್ನು ನಾವೇ ಬರೆದುಕೊಂಡಿದ್ದೆವು. 1990ರ ದಶಕದಲ್ಲಿ ರಾತ್ರಿ ದೆವ್ವವೊಂದು ಬಂದು ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಸಾಯುತ್ತಾರೆ ಎಂಬ ಸುದ್ದಿ ಕರ್ನಾಟಕದ ಊರೂರುಗಳಿಗೆ ಹಬ್ಬಿತು. ಜನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಮೊಬೈಲ್ ಇಲ್ಲದ ಕಾಲದಲ್ಲಿ ಬಾಯಿಂದ ಬಾಯಿಗೆ ಹೋದ ಸುದ್ದಿ ಅದು. ಅದರಲ್ಲೊಂದು ಸಮಾಧಾನವಿದೆ. ಭಯ ದೆವ್ವದ ಮೇಲಿತ್ತು, ಮನುಷ್ಯನ ಮೇಲಲ್ಲ. ಅದನ್ನು ಬಾಗಿಲಿಂದ ಅಟ್ಟಲು ಸುಣ್ಣದ ಎರಡು ಪದ ಸಾಕಾಗಿತ್ತು.

ಹಾಗಾದರೆ ಕಳ್ಳರ ಗುಪ್ತ ಲಿಪಿಯ ಈ ಪಟ್ಟಿ ಎಲ್ಲಿಯದು? ಇದರ ಬೇರು ಯುರೋಪಿನಲ್ಲಿದೆ. ಜರ್ಮನ್ ಮಾತನಾಡುವ ನಾಡುಗಳಲ್ಲಿ ಅಲೆಮಾರಿಗಳು, ಭಿಕ್ಷುಕರು, ಕಳ್ಳರು ಗೋಡೆಗಳ ಮೇಲೆ ಬಿಡುವ ಗುರುತುಗಳಿಗೆ ‘ಜಿಂಕೆನ್’ ಎಂಬ ಹೆಸರೇ ಇದೆ. ಆಸ್ಟ್ರಿಯಾದ ಗ್ರಾಜ್ ನಗರದ ಹಾನ್ಸ್ ಗ್ರಾಸ್ ಎಂಬ ನ್ಯಾಯಾಧಿಕಾರಿ ಅಪರಾಧ ತನಿಖೆಯ ಬಗ್ಗೆ 1893ರಲ್ಲಿ ಹೊರತಂದ ಕೈಪಿಡಿಯಲ್ಲಿ ಇಂಥ ಗುರುತುಗಳ ವಿವರಣೆ ಕೊಟ್ಟರು. ನಮಗೆ ಮುಖ್ಯವಾದದ್ದು ಮುಂದಿನ ಸಂಗತಿ. ಆ ಕೈಪಿಡಿ ಭಾರತಕ್ಕೂ ವಸಾಹತುಗಳಿಗೂ ಹೊಂದುವಂತೆ ಇಂಗ್ಲಿಷಿಗೆ ಬಂದದ್ದು 1906ರಲ್ಲಿ, ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮದ್ರಾಸಿನಲ್ಲಿ. ಗೋಡೆಯ ಗೀಟಿನಲ್ಲಿ ಅಪರಾಧಿಯ ಕೈಬರಹವನ್ನು ಓದುವ ವಿದ್ಯೆ ದಕ್ಷಿಣ ಭಾರತದ ಪೊಲೀಸರ, ವಕೀಲರ ಮೇಜಿಗೆ ನೂರಿಪ್ಪತ್ತು ವರ್ಷಗಳ ಹಿಂದೆಯೇ ತಲುಪಿತ್ತು.

ತಲುಪಿದ ಹೊತ್ತೂ ಕೆಟ್ಟದಾಗಿತ್ತು. ಅಲೆಮಾರಿಗಳೆಂದರೆ ಹುಟ್ಟಿನಿಂದಲೇ ಕಳ್ಳರು ಎಂದು ಬ್ರಿಟಿಷ್ ಸರ್ಕಾರ ಬರವಣಿಗೆಯಲ್ಲೇ ಹೇಳಿಯಾಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಬಿಗಿಯಾಗಿ, ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಇಡೀ ಸಮುದಾಯಗಳನ್ನು ಪಟ್ಟಿಗೆ ಸೇರಿಸುವುದು, ಬೆರಳಚ್ಚು ತೆಗೆಯುವುದು, ಊರು ಬಿಡುವ ಮುನ್ನ ಅಪ್ಪಣೆ ಕೇಳಬೇಕೆನ್ನುವುದು ಕಾನೂನಾಯಿತು. ಕೊರವರ ಕಥೆಯನ್ನೇ ನೋಡಿ. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ತಂದು, ಧಾನ್ಯಕ್ಕೆ ಬದಲಿಸಿಕೊಂಡು ಹೋಗುತ್ತಿದ್ದ ಜನ ಅವರು. ಬುಟ್ಟಿ ಹೆಣೆದು ಮಾರುತ್ತಿದ್ದರು. ರೈಲು ಬಂದು, ಸರ್ಕಾರದ ಉಪ್ಪಿನ ನೀತಿ ಬಂದು ಆ ವ್ಯಾಪಾರ ಮುರಿಯಿತು. ಸರಕಿಲ್ಲದೆ ಸುತ್ತುವವನು ಅನುಮಾನದವನಾದ. ಮನೆ ಬಾಗಿಲ ವ್ಯಾಪಾರಿಯನ್ನು ಕಳ್ಳನೆಂದು ಬರೆದ ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು, ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ. ಹುಬ್ಬಳ್ಳಿಯಲ್ಲಿ ಆ ಜನರನ್ನು ಕೂಡಿಹಾಕಿದ್ದ ಜಾಗಕ್ಕೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ಕಾಯ್ದೆ ಹೋಯಿತು, ನಮ್ಮ ಬೀದಿಯ ಕಣ್ಣಿನಿಂದ ಅದು ಹೋಗಿಲ್ಲ ಎಂದು ಆ ಬೆಡ್‌ಶೀಟಿನ ಹುಡುಗನನ್ನು ನೋಡಿದಾಗ ನನಗೆ ಅನ್ನಿಸಿತು.

ಇದಕ್ಕೆ ಪೂರ್ತಿ ಎದುರಾದ ನೆನಪೂ ನಮ್ಮಲ್ಲಿದೆ. ಜನಪದ ಹಾಡೊಂದರಲ್ಲಿ ಹೆಣ್ಣುಮಗಳು ಬಳೆಗಾರನನ್ನು ತವರಿಗೆ ಹೋಗಿ ಬಾ ಎನ್ನುತ್ತಾಳೆ. ನಿನ್ನ ತವರನ್ನು ನಾನೆಂತು ಬಲ್ಲೆ ಎಂದು ಅವನು ಕೇಳಿದರೆ, ಬಲಕ್ಕೆ ಬಾಳೆ, ಎಡಕ್ಕೆ ಸೀಬೆ, ಹಂಚಿನ ಮನೆ, ಕಂಚಿನ ಕದ ಎಂದು ಗುರುತುಗಳನ್ನು ತಾನೇ ಹೇಳಿಕೊಡುತ್ತಾಳೆ. ತವರಿನ ದಾರಿ ಮುಚ್ಚಿದ ಹೆಣ್ಣಿಗೆ ಬಳೆಗಳ ಮಲಾರ ಹೊತ್ತು ಊರೂರು ತಿರುಗುವವನೇ ಅಂಚೆ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಿಗೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಇನ್ನೂ ಒಂದು ಹೆಜ್ಜೆ ಮುಂದೆ: ಮನೆಯವರಿಗೇ ಮರೆತುಹೋದ ಮುತ್ತಜ್ಜನ ಹೆಸರು ಅವರ ಕಡತದಲ್ಲಿತ್ತು. ಮನೆಯೊಳಗಿನ ಸಂಗತಿ ಹೊರಗಿನವನಿಗೆ ಗೊತ್ತಿರುವುದು ಆಗ ಅಪಾಯವೆನಿಸಿರಲಿಲ್ಲ. ಅದಕ್ಕಾಗಿ ಅವರಿಗೆ ಧಾನ್ಯ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳನ್ನೂ ಇಲ್ಲಿ ನೆನೆಯಬೇಕು. ಬೇಟೆಗೆ ಕಾನೂನು ಅಡ್ಡ ಬಂದ ಮೇಲೆ ಗಿಡಮೂಲಿಕೆಯ ತಲೆಎಣ್ಣೆ ಮಾರುತ್ತ ಆಫ್ರಿಕಾದವರೆಗೂ ಹೋದ ಜನ ಅವರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗುಂಡಿನ ಸದ್ದು ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರ ಸುದ್ದಿ ಬಂದಾಗಲೇ ನಮ್ಮಲ್ಲಿ ಅನೇಕರಿಗೆ ಅವರ ನೆನಪಾಯಿತು. ಪರದೇಶದ ಹೊಸಿಲು ತುಳಿಯುವ ಎದೆಗಾರಿಕೆ ಇರುವವರಿಗೆ ಸ್ವಂತ ಜಿಲ್ಲೆಯ ಬಡಾವಣೆಯ ಗೇಟು ಯಾಕೆ ಭಾರವಾಗಬೇಕು?

2018ರಲ್ಲಿ ಗಾಳಿಸುದ್ದಿ ಜೀವ ತೆಗೆಯತೊಡಗಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ರಾಜ್ಯದ ತುಂಬ ಓಡಾಡಿತು. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ಮಾಡಿದ ಚಿತ್ರ; ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ಯುವಕನೊಬ್ಬ ಸತ್ತ. ಅವನೂ ಅವನ ಗೆಳೆಯರೂ ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅದೇ ತಿಂಗಳ 17ರಂದು ಸುಪ್ರೀಂ ಕೋರ್ಟ್ ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದಿತು. ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕಿತು. ಒಂದು ಬೀದಿಯ ಗುಂಪಿನಲ್ಲಿ ನೂರಾರು ಜನರಿದ್ದರೆ ಐದೇ ಬೇಕಾದಷ್ಟಾಗುತ್ತದೆ.

ಕಳ್ಳತನ ಸುಳ್ಳಲ್ಲ. ಹೆದರುವವರನ್ನು ನಾನು ತೆಗಳುವುದಿಲ್ಲ. ಒಂಟಿಯಾಗಿರುವ ಹಿರಿಯರು ನನ್ನ ಬೀದಿಯಲ್ಲೂ ಇದ್ದಾರೆ. ಒಡವೆಗೆ ಪಾಲಿಶ್ ಹಾಕಿಕೊಡುತ್ತೇವೆಂದು ಬಂದು, ಬಳೆಯನ್ನು ದ್ರಾವಣದಲ್ಲಿ ಅದ್ದಿ ಚಿನ್ನವನ್ನೇ ಕರಗಿಸಿಕೊಂಡು ಹೋಗುವವರು ನಿಜಕ್ಕೂ ಇದ್ದಾರೆ. ಅಂಥವರು ಗೋಡೆಯ ಮೇಲೆ ಏನನ್ನೂ ಬರೆಯಬೇಕಿಲ್ಲ. ಮನೆ ನುಗ್ಗುವವನಿಗೂ ಸೀಮೆಸುಣ್ಣ ಬೇಡ. ಗೇಟಿಗೆ ಹೊರಗಿನಿಂದ ಬಿದ್ದ ಬೀಗ, ಜಗುಲಿಯಲ್ಲಿ ರಾಶಿಯಾದ ಪತ್ರಿಕೆ, ಹಗಲಲ್ಲೂ ಉರಿಯುವ ದೀಪ ಅವನಿಗೆ ಸಾಕು. ನಮ್ಮ ಊರಿನಲ್ಲಿ ಇನ್ನೂ ಸುಲಭ: ಮೂರು ದಿನದಿಂದ ರಂಗೋಲಿ ಬಿದ್ದಿಲ್ಲದ ಬಾಗಿಲನ್ನು ನೋಡಿದರಾಯಿತು. ಬಾಗಿಲ ಮುಂದೆ ಏನು ಬರೆದಿದೆ ಎಂಬುದಲ್ಲ, ಏನು ಬರೆದಿಲ್ಲ ಎಂಬುದು ಅವನ ಲೆಕ್ಕ. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ, ಪಕ್ಕದ ಮನೆಯವರಿಗೆ ರಂಗೋಲಿಯ ಡಬ್ಬಿ ಕೊಟ್ಟು ಹೋಗುವುದು ನೂರು ಫಾರ್ವರ್ಡ್‌ಗಳಿಗಿಂತ ಮೇಲು. ಅನುಮಾನ ಬಂದರೆ 112ಕ್ಕೆ ಕರೆ ಮಾಡಬಹುದು. ಅದು ನಮ್ಮ ಬೀದಿಯಲ್ಲಿ ಆ ದಿನ ಯಾರಿಗೂ ಹೊಳೆಯಲಿಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ತಿರುಗಾಡಿ ಮಾರುವವರನ್ನೂ ವ್ಯಾಪಾರಿಗಳೆಂದೇ ಒಪ್ಪುತ್ತದೆ, ಅವರಿಗೂ ಗುರುತಿನ ಚೀಟಿ ಕೊಡಬೇಕೆನ್ನುತ್ತದೆ. ನಮ್ಮ ಮನೆಗೆ ಸೊಪ್ಪು ತರುವ ಅಮ್ಮ ಇಪ್ಪತ್ತು ವರ್ಷಗಳಿಂದ ಬರುತ್ತಿದ್ದಾರೆ. ಮಗಳ ಮದುವೆಯ ಕರೆಯೋಲೆ ಕೊಟ್ಟವರು, ನನ್ನ ತಾಯಿ ತೀರಿಕೊಂಡ ದಿನ ಬುಟ್ಟಿ ಇಳಿಸಿ ಅತ್ತವರು. ಬೆಡ್‌ಶೀಟಿನ ಗಲಾಟೆಯ ಮರುವಾರ ಅವರು ಗೇಟಿನ ಹೊರಗೇ ನಿಂತು ಸೆರಗಿನ ಗಂಟು ಬಿಚ್ಚಿದರು. ಚಿಲ್ಲರೆ ತೆಗೆಯುತ್ತಾರೆ ಎಂದುಕೊಂಡೆ. ನಾಲ್ಕಾಗಿ ಮಡಿಸಿದ ಆಧಾರ್ ಪ್ರತಿ ಅದು. ‘ಬೇಡಮ್ಮ, ಒಳಗೆ ಬನ್ನಿ’ ಎಂದೆ. ‘ಇರಲಿ, ನೋಡಿಬಿಡಿ’ ಎಂದು ಅದನ್ನು ಬಿಡಿಸಿ ನನ್ನ ಮುಂದೆ ಹಿಡಿದರು. ಆಮೇಲೆಯೇ ತಲೆಯ ಮೇಲಿನ ಬುಟ್ಟಿಗೆ ಕೈ ಕೊಡಲು ಬಿಟ್ಟರು.