ಅಶರೀರವಾಣಿಯ ಭೌತವಿಜ್ಞಾನ: ‘ದಿ ಶ್ಯಾಡೋ’ ರೇಡಿಯೊದಲ್ಲಿ ಮಾಯವಾದ ಬಗೆ

1937ರ ಸೆಪ್ಟೆಂಬರ್ 26ರ ಭಾನುವಾರ ಅಮೆರಿಕದ ಮ್ಯೂಚುವಲ್ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್ ಎಂಬ ರೇಡಿಯೊ ಜಾಲದಲ್ಲಿ ‘ದಿ ಶ್ಯಾಡೋ’ ನಾಟಕಮಾಲೆ ಹೊಸ ರೂಪದಲ್ಲಿ ಆರಂಭವಾಯಿತು. 22 ವರ್ಷದ ಆರ್ಸನ್ ವೆಲ್ಸ್ ಅದರಲ್ಲಿ ಲ್ಯಾಮಂಟ್ ಕ್ರಾನ್‌ಸ್ಟನ್ ಎಂಬ ಸಿರಿವಂತ ಯುವಕನಾಗಿಯೂ, ಆ ಯುವಕ ದುಷ್ಟರ ಬೆನ್ನು ಹತ್ತುವಾಗ ತಾಳುವ ‘ಶ್ಯಾಡೋ’ ಎಂಬ ಅದೃಶ್ಯ ರೂಪವಾಗಿಯೂ ಮಾತನಾಡಿದರು. ನಾಯಕನ ಗುಟ್ಟನ್ನು ಕಾರ್ಯಕ್ರಮವೇ ಕೇಳುಗರಿಗೆ ವಿವರಿಸುತ್ತಿತ್ತು: ಆತ ಹಿಂದೊಮ್ಮೆ ಪೂರ್ವದೇಶಗಳಲ್ಲಿ ಸಮ್ಮೋಹಿನಿ ವಿದ್ಯೆಯೊಂದನ್ನು ಕಲಿತು ಬಂದಿದ್ದಾನೆ, ಅದರ ಬಲದಿಂದ ಎದುರಿನವರ ಮನಸ್ಸಿಗೆ ಮಂಕು ಕವಿಸಿ ಅವರ ಕಣ್ಣಿಗೆ ಕಾಣದಂತಾಗುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಮಂಕುಬೂದಿ ಎರಚುವ ವಿದ್ಯೆ. ಆ ನಾಟಕಗಳ ಧ್ವನಿಮುದ್ರಣಗಳನ್ನು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ನನಗೆ, ಶ್ಯಾಡೋ ನಿಜಕ್ಕೂ ಮಾಯವಾದದ್ದು ಯಾವ ಮಂಕುಬೂದಿಯಿಂದಲೂ ಅಲ್ಲ, ಕೆಲವು ತಂತಿಸುರುಳಿ ಮತ್ತು ಕೆಪಾಸಿಟರ್‌ಗಳಿಂದ ಎಂಬ ಸಂಗತಿ ಆ ಕಥೆಗಳೆಲ್ಲಕ್ಕಿಂತ ಹೆಚ್ಚು ರೋಮಾಂಚಕವಾಗಿ ಕಾಣುತ್ತದೆ.

ಈ ನಾಯಕ ಹುಟ್ಟಿದ್ದು ಪತ್ರಿಕೆಯಲ್ಲಿ, ಬಳಿಕ ರೇಡಿಯೊಗೆ ಬಂದ ಎಂದು ಅನೇಕರು ತಿಳಿದಿದ್ದಾರೆ. ನಡೆದದ್ದು ತಿರುವುಮುರುವು. ಸ್ಟ್ರೀಟ್ ಅಂಡ್ ಸ್ಮಿತ್ ಎಂಬ ಪ್ರಕಾಶನ ಸಂಸ್ಥೆ ತನ್ನ ಪತ್ತೇದಾರಿ ಪತ್ರಿಕೆಯ ಮಾರಾಟವನ್ನು ಹೆಚ್ಚಿಸಿಕೊಳ್ಳಲೆಂದು 1930ರ ಜುಲೈ 31ರಿಂದ ಅದರ ಕಥೆಗಳನ್ನು ರೇಡಿಯೊದಲ್ಲಿ ಪ್ರಸಾರ ಮಾಡಿಸಿತು. ಕಥೆಯನ್ನು ನಿರೂಪಿಸುವ ಗೂಢ ದನಿಗೆ ‘ಶ್ಯಾಡೋ’ ಎಂಬ ಹೆಸರಿಡಲಾಗಿತ್ತು. ಜನರು ಕಥೆಗಳನ್ನು ಬಿಟ್ಟು ಆ ದನಿಯನ್ನು ಹಿಡಿದುಕೊಂಡರು. ಅಂಗಡಿಗಳಿಗೆ ಹೋಗಿ, ಇರದಿದ್ದ ‘ಶ್ಯಾಡೋ’ ಪತ್ರಿಕೆಯನ್ನು ಕೇಳತೊಡಗಿದರು. 1931ರ ಏಪ್ರಿಲ್ ಸಂಚಿಕೆಯೊಂದಿಗೆ ಆ ಹೆಸರಿನ ಪತ್ರಿಕೆ ಹುಟ್ಟಿತು. ಹೀಗೆ, ಮೊದಲು ದನಿಯೊಂದು ಇತ್ತು, ದೇಹವನ್ನು ಆಮೇಲೆ ಒದಗಿಸಲಾಯಿತು. ದೇಹ ಒದಗಿಸಿದವರು ವಾಲ್ಟರ್ ಗಿಬ್ಸನ್. ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಕಾವ್ಯನಾಮದಲ್ಲಿ ಅವರು ಈ ನಾಯಕನ ಬಗ್ಗೆ 280ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಮರದ ತಿರುಳನ್ನು ಅರೆದು ಮಾಡಿದ, ಕೆಲವೇ ವರ್ಷಗಳಲ್ಲಿ ಕಂದಿ ಪುಡಿಪುಡಿಯಾಗುವ ಅಗ್ಗದ ಕಾಗದದಲ್ಲಿ ಅವು ಅಚ್ಚಾಗುತ್ತಿದ್ದವು. ‘ಪಲ್ಪ್’ ಎಂಬ ಹೆಸರು ಆ ಪತ್ರಿಕೆಗಳಿಗೆ ಬಂದದ್ದು ಈ ತಿರುಳಿನಿಂದ.

ಗಿಬ್ಸನ್ ಸ್ವತಃ ಜಾದೂ ಬಲ್ಲವರು, ಹೂಡಿನಿಯಂತಹ ಐಂದ್ರಜಾಲಿಕರಿಗೆ ಬರವಣಿಗೆ ಮಾಡಿಕೊಟ್ಟವರು. ಆದ್ದರಿಂದಲೇ ಇರಬೇಕು, ಅವರ ಪುಟಗಳಲ್ಲಿನ ಶ್ಯಾಡೋ ಅದೃಶ್ಯನಲ್ಲ. ಆತ ಕರಿಯ ನಿಲುವಂಗಿ ತೊಟ್ಟು, ಅಗಲ ಅಂಚಿನ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು, ಕತ್ತಲೆಯ ಮುಂದೆ ಕತ್ತಲೆಯಾಗಿ ನಿಲ್ಲುತ್ತಾನೆ. ರಂಗದ ಮೇಲೆ ಕರಿಯ ಮಖಮಲ್ಲಿನ ಪರದೆಯ ಮುಂದೆ ಕರಿಯ ಮಖಮಲ್ಲನ್ನೇ ಹೊದ್ದ ಸಹಾಯಕನು ಪ್ರೇಕ್ಷಕರ ಕಣ್ಣೆದುರಿಗೇ ಓಡಾಡಿದರೂ ಕಾಣದಿರುವುದು ಜಾದೂಗಾರರ ಹಳೆಯ ತಂತ್ರ. ಕಣ್ಣು ವಸ್ತುಗಳನ್ನು ಗುರುತಿಸುವುದು ಮುಖ್ಯವಾಗಿ ಅಂಚುಗಳಿಂದ, ಅಂದರೆ ಒಂದು ಹೊಳಪು ಮುಗಿದು ಇನ್ನೊಂದು ಹೊಳಪು ತೊಡಗುವ ಗೆರೆಯಿಂದ. ಆ ಗೆರೆ ಅಳಿದರೆ ವಸ್ತುವೂ ಅಳಿಯುತ್ತದೆ. ಶ್ಯಾಡೋನ ನಿಲುವಂಗಿಯ ಒಳಮೈ ಕಡುಗೆಂಪು ಎಂಬ ವಿವರವನ್ನು ಓದಿ, ಅಡಗುವವನಿಗೆ ಕೆಂಪು ಬಣ್ಣ ಏಕೆ ಎಂದು ಆಕ್ಷೇಪಿಸುವವರಿದ್ದಾರೆ. ಅವರು ಒಂದು ಸಂಜೆ ಅಂಗಳದ ಕೆಂಪು ದಾಸವಾಳದ ಮುಂದೆ ಅರ್ಧ ಗಂಟೆ ಕೂರಬೇಕು. ಬೆಳಕು ಇಳಿದಂತೆ ಎಲೆಗಳು ಬೂದುಬಣ್ಣಕ್ಕೆ ತಿರುಗಿಯೂ ಕಾಣುತ್ತಲೇ ಇರುತ್ತವೆ, ಹೂವು ಮಾತ್ರ ಕರ್ರಗಾಗಿ ಹೋಗುತ್ತದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ದಂಡಕೋಶಗಳಿಗೆ ಕೆಂಪು ಬೆಳಕು ಬಹುಮಟ್ಟಿಗೆ ತಿಳಿಯುವುದೇ ಇಲ್ಲ. 19ನೇ ಶತಮಾನದ ಆರಂಭದಲ್ಲಿ ಬೊಹೆಮಿಯಾದ ಯಾನ್ ಪುರ್ಕಿನ್ಯೆ ಇದನ್ನು ಗಮನಿಸಿ ದಾಖಲಿಸಿದ್ದರಿಂದ ಈ ವಿದ್ಯಮಾನಕ್ಕೆ ಅವರ ಹೆಸರೇ ಬಂದಿದೆ. ಇರುಳಿನಲ್ಲಿ ಕೆಂಪು ಅಸ್ತರಿಯು ಕರಿಯದಕ್ಕೆ ಸಮ.

ರೇಡಿಯೊಗೆ ಮರಳುವಾಗ ಈ ಉಪಾಯವೆಲ್ಲ ವ್ಯರ್ಥವಾಯಿತು, ಏಕೆಂದರೆ ಕತ್ತಲೆ ಕೇಳಿಸುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ರೇಡಿಯೊದಲ್ಲಿ ಎಲ್ಲ ಪಾತ್ರಗಳೂ ಅದೃಶ್ಯವೇ. ಕೋಣೆಯಲ್ಲಿ ಕೊಲೆಗಾರನಿದ್ದಾನೆ, ಶ್ಯಾಡೋ ಇದ್ದಾನೆ. ಇಬ್ಬರೂ ನಮಗೆ ಕಾಣುತ್ತಿಲ್ಲ. ಇವರಲ್ಲಿ ಒಬ್ಬನಿಗೆ ಮೈ ಇದೆ, ಇನ್ನೊಬ್ಬನಿಗೆ ಇಲ್ಲ ಎಂಬುದನ್ನು ಕಿವಿಗೆ ತಿಳಿಸುವುದು ಹೇಗೆ? ನಮ್ಮ ಪುರಾಣಕಾರರಿಗೂ ಇಂಥ ಅಗತ್ಯ ಬಂದಿತ್ತು. ದೇವಕಿಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಅವನ ಸಾವಿನ ಸುದ್ದಿಯನ್ನು ಹೇಳಿದ್ದು ಅಶರೀರವಾಣಿ, ಮೈಯಿಲ್ಲದ ಮಾತು. ಆದರೆ ಅಂಥ ಮಾತು ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆಗೆ ಪುರಾಣಗಳು ಉತ್ತರಿಸಬೇಕಾದ ಪ್ರಮೇಯ ಬರಲಿಲ್ಲ. 1930ರ ದಶಕದ ಧ್ವನಿ ಎಂಜಿನಿಯರುಗಳಿಗೆ ಬಂತು, ಮತ್ತು ಅವರು ಉತ್ತರವನ್ನು ಟೆಲಿಫೋನಿನಲ್ಲಿ ಕಂಡುಕೊಂಡರು.

ನಾಟಕದಲ್ಲಿ ಪಾತ್ರವೊಂದು ಫೋನಿನಲ್ಲಿ ಮಾತನಾಡುವುದನ್ನು ತೋರಿಸಲು ಸ್ಟುಡಿಯೊಗಳಲ್ಲಿ ‘ಫಿಲ್ಟರ್ ಮೈಕ್’ ಬಳಸುತ್ತಿದ್ದರು. ಕ್ರಾನ್‌ಸ್ಟನ್ನನ ಮಾತು ಸಾಮಾನ್ಯ ಮೈಕಿನ ಮೂಲಕ, ಶ್ಯಾಡೋನ ಮಾತು ಈ ಫಿಲ್ಟರಿನ ಮೂಲಕ ಹೋಗುತ್ತಿತ್ತು. ಫಿಲ್ಟರ್ ಮಾಡುವ ಕೆಲಸ ರಾಗಿಯನ್ನು ಎರಡು ಜರಡಿಗಳಲ್ಲಿ ಹಾಯಿಸಿದಂತೆ: ದಪ್ಪ ಕಣ್ಣಿನ ಜರಡಿ ಕಲ್ಲು ಕಡ್ಡಿಯನ್ನು ತಡೆಯುತ್ತದೆ, ಸಣ್ಣ ಕಣ್ಣಿನದು ಧೂಳನ್ನು ಕೆಳಕ್ಕೆ ಬಿಟ್ಟುಬಿಡುತ್ತದೆ, ಕೈಗೆ ಸಿಗುವುದು ನಡುವಿನ ಗಾತ್ರದ ಕಾಳು ಮಾತ್ರ. ಟೆಲಿಫೋನಿನ ವಿಷಯದಲ್ಲಿ ಆ ನಡುವಿನ ಭಾಗ ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳವರೆಗಿನದು. ಇಲ್ಲಿ ಜರಡಿಗಳೆಂದರೆ ತಂತಿಸುರುಳಿ ಮತ್ತು ಕೆಪಾಸಿಟರ್. ತಂತಿಸುರುಳಿ ಬೀಸುಕಲ್ಲಿನಂತೆ ಜಡ. ನಿಧಾನವಾಗಿ ತಿರುಗಿಸಿದರೆ ತಿರುಗುತ್ತದೆ, ಹಿಂದಕ್ಕೂ ಮುಂದಕ್ಕೂ ಸರಸರನೆ ಅಲುಗಿಸಲು ಹೋದರೆ ಮಿಸುಕುವುದಿಲ್ಲ. ಆದ್ದರಿಂದ ಅದು ವೇಗದ ಕಂಪನಗಳನ್ನು ತಡೆದು ನಿಧಾನದವನ್ನು ಬಿಡುತ್ತದೆ. ಕೆಪಾಸಿಟರ್ ತಮಟೆಯ ಚರ್ಮದಂತೆ. ಅದರ ಮೂಲಕ ಒಂದೇ ಸಮನೆ ಗಾಳಿ ಊದಿದರೆ ಆಚೆಗೆ ಏನೂ ದಾಟುವುದಿಲ್ಲ, ಆದರೆ ಈ ಕಡೆಯ ಪೆಟ್ಟು ಆ ಕಡೆಗೆ ಕ್ಷಣದಲ್ಲಿ ಮುಟ್ಟುತ್ತದೆ. ಅದು ನಿಧಾನದ ಕಂಪನಗಳನ್ನು ತಡೆದು ವೇಗದವನ್ನು ಬಿಡುತ್ತದೆ. ಎರಡನ್ನೂ ಲೆಕ್ಕಹಾಕಿ ಜೋಡಿಸಿದರೆ ನಡುವಿನ ಪಟ್ಟಿಯೊಂದು ಉಳಿಯುತ್ತದೆ. ಒಂದೇ ತಂತಿಯಲ್ಲಿ ಹಲವು ಸಂಭಾಷಣೆಗಳನ್ನು ಬೆರೆಯದಂತೆ ಕಳಿಸಬೇಕೆಂಬ ವ್ಯಾಪಾರದ ಅಗತ್ಯಕ್ಕಾಗಿ, ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಜಾರ್ಜ್ ಕ್ಯಾಂಪ್‌ಬೆಲ್ ಇಂಥ ಫಿಲ್ಟರುಗಳ ಪೇಟೆಂಟನ್ನು 1917ರಲ್ಲಿ ಪಡೆದಿದ್ದರು.

ಈಗ ಮುಖ್ಯ ಪ್ರಶ್ನೆ. ಗಂಡಸಿನ ದನಿಯ ಮೂಲ ಕಂಪನ ಸೆಕೆಂಡಿಗೆ 110ರ ಆಸುಪಾಸಿನಲ್ಲಿರುತ್ತದೆ. ಫಿಲ್ಟರ್ 300ಕ್ಕಿಂತ ಕೆಳಗಿನದನ್ನೆಲ್ಲ ಕತ್ತರಿಸಿದ ಮೇಲೆ ಆ ಮೂಲವೇ ಇಲ್ಲವಾಗುತ್ತದೆ. ಹಾಗಿದ್ದರೆ ಶ್ಯಾಡೋನ ದನಿ ಮಗುವಿನ ದನಿಯಂತೆ ಕೀರಲಾಗಬೇಕಿತ್ತಲ್ಲವೇ? ಆಗಲಿಲ್ಲ. ಅಷ್ಟೇಕೆ, ಫೋನಿನಲ್ಲಿ ನಮ್ಮ ತಂದೆಯವರ ದನಿ ಇಂದಿಗೂ ನಮಗೆ ಗಂಡುದನಿಯಾಗಿಯೇ ಕೇಳಿಸುತ್ತದೆ.

ತಂಬೂರಿಯ ಮಂದ್ರದ ತಂತಿಯನ್ನು ಮೀಟಿದಾಗ ಯಾರೂ ಶ್ರುತಿ ಮಾಡದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ, ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ತಂತಿಯಾಗಲಿ ಗಂಟಲಾಗಲಿ ಒಂದೇ ಕಂಪನವನ್ನು ಹುಟ್ಟಿಸುವುದಿಲ್ಲ. 110ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಹೀಗೆ 220, 330, 440, 550ರ ಮೇಲ್ಸ್ವರಗಳನ್ನೂ ಹುಟ್ಟಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಫಿಲ್ಟರ್ 110 ಮತ್ತು 220ನ್ನು ಕತ್ತರಿಸಿದರೂ 330ರಿಂದ ಮೇಲಿನವು ಉಳಿಯುತ್ತವೆ, ಅವುಗಳ ನಡುವಿನ ಅಂತರ 110 ಆಗಿಯೇ ಇರುತ್ತದೆ. ಮಳೆಗಾಲದಲ್ಲಿ ತುಂಬಿದ ದೇವಸ್ಥಾನದ ಕಲ್ಯಾಣಿಯನ್ನು ನೆನೆಯಿರಿ. ಕೆಳಗಿನ ಮೆಟ್ಟಿಲುಗಳು ನೀರಿನಲ್ಲಿ ಮುಳುಗಿವೆ. ಆದರೂ ಮೇಲೆ ಕಾಣುವ ನಾಲ್ಕು ಮೆಟ್ಟಿಲುಗಳ ಎತ್ತರವನ್ನು ನೋಡಿ, ಕಾಣದ ಮೊದಲ ಮೆಟ್ಟಿಲು ಎಷ್ಟು ಎತ್ತರದ್ದೆಂದು ಯಾರಾದರೂ ಹೇಳಬಲ್ಲರು. ಅಳಿಸಿಹೋದ ರಂಗೋಲಿಯ ಅರ್ಧ ಚುಕ್ಕಿಗಳಿಂದ ಉಳಿದರ್ಧದ ಜಾಗವನ್ನು ಅಜ್ಜಿ ಹೇಳುವುದೂ ಹೀಗೆಯೇ. ಮಿದುಳು ಉಳಿದ ಮೆಟ್ಟಿಲುಗಳಿಂದ ಮುಳುಗಿದ ಮೂಲವನ್ನು ಲೆಕ್ಕಹಾಕಿ, ಇಲ್ಲದ 110ನ್ನು ನಮಗೆ ಕೇಳಿಸುತ್ತದೆ.

ಇದನ್ನು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. 1840ರ ದಶಕದಲ್ಲಿ ಜರ್ಮನಿಯ ಆಗಸ್ಟ್ ಸೀಬೆಕ್, ತೂತುಗಳಿರುವ ತಟ್ಟೆಯನ್ನು ತಿರುಗಿಸಿ ಗಾಳಿ ಊದುವ ಸೈರನ್ನಿನಿಂದ ಪ್ರಯೋಗ ಮಾಡಿ, ಮೂಲ ಕಂಪನ ತೀರ ಕ್ಷೀಣವಾಗಿದ್ದಾಗಲೂ ಅದರ ಸ್ಥಾಯಿ, ಅಂದರೆ ಸ್ವರದ ಮಟ್ಟ, ಬಲವಾಗಿ ಕೇಳಿಸುತ್ತದೆ ಎಂದು ತೋರಿಸಿದರು. ವಿದ್ಯುತ್ತಿನ ನಿಯಮದಿಂದ ಪ್ರಸಿದ್ಧರಾದ ಓಮ್ ಅದನ್ನು ಕಿವಿಯ ಭ್ರಮೆ ಎಂದು ತಳ್ಳಿಹಾಕಿದರು, ಮುಂದೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಓಮ್‌ನ ಪಕ್ಷ ಹಿಡಿದರು, ಸೀಬೆಕ್‌ನ ಮಾತು ಮೂಲೆ ಸೇರಿತು. 1940ರಲ್ಲಿ ನೆದರ್‌ಲೆಂಡ್ಸಿನ ಸ್ಕೌಟನ್ ಅದನ್ನು ಮತ್ತೆ ಎತ್ತಿ ಹಿಡಿದರು. ಕಿವಿಯೊಳಗೇ ಆ ಮೂಲ ಕಂಪನ ಹೇಗೋ ಹುಟ್ಟಿಕೊಳ್ಳುತ್ತಿರಬಹುದು ಎಂಬ ಸಂಶಯವನ್ನು ಅಮೆರಿಕದ ವಿಜ್ಞಾನಿ ಲಿಕ್‌ಲೈಡರ್ 1954ರಲ್ಲಿ ನಿವಾರಿಸಿದರು: ಆ ಕೆಳಗಿನ ಪಟ್ಟಿಯನ್ನೇ ಮುಚ್ಚುವಂತೆ ಗದ್ದಲ ತುಂಬಿದರೂ ಇಲ್ಲದ ಸ್ವರ ಕೇಳುತ್ತಲೇ ಇತ್ತು. ‘ದಿ ಶ್ಯಾಡೋ’ ಪ್ರಸಾರ ನಿಂತದ್ದೂ ಅದೇ 1954ರ ಡಿಸೆಂಬರ್ 26ರಂದು. ಈ ವಿದ್ಯಮಾನದ ವಿವಾದ ಬಗೆಹರಿಯುವ ಮೊದಲೇ ಕೇಳುಗರು ವಾರವಾರವೂ ಅದನ್ನು ಮನೆಯಲ್ಲಿ ಕೂತು ಅನುಭವಿಸಿದ್ದರು.

ಹಾಗಾದರೆ ಫಿಲ್ಟರ್ ಕಿತ್ತುಕೊಂಡದ್ದೇನು? ಸ್ಥಾಯಿಯನ್ನಲ್ಲ, ಮೈಯನ್ನು. ಎದೆಗೂಡಿನ ಗುಂಗು, ಗಂಟಲಿನ ಭಾರ ಕೆಳಗಿನ ಕಂಪನಗಳಲ್ಲಿರುತ್ತವೆ. ‘ಸ’ಕಾರದ ಸೀತ್ಕಾರ, ತುಟಿಯ ಉಸಿರು, ಅಂದರೆ ಮಾತನಾಡುವವರು ಹತ್ತಿರವೇ ಇದ್ದಾರೆಂದು ಹೇಳುವ ಸೂಚನೆಗಳು 3400ಕ್ಕಿಂತ ಮೇಲಿರುತ್ತವೆ. ಎರಡೂ ತುದಿ ಹೋದರೆ ಯಾರೆಂದು ತಿಳಿಯುತ್ತದೆ, ಏನು ಹೇಳಿದರೆಂದು ತಿಳಿಯುತ್ತದೆ, ಎಲ್ಲಿದ್ದಾರೆಂದು ಮಾತ್ರ ತಿಳಿಯುವುದಿಲ್ಲ. ಕೊಲೆಗಾರನು ದಿಕ್ಕುಗೆಟ್ಟು ನಾಲ್ಕೂ ಕಡೆ ನೋಡುವ ದೃಶ್ಯಕ್ಕೆ ಇದಕ್ಕಿಂತ ತಕ್ಕ ದನಿ ಬೇರೆ ಯಾವುದಿದ್ದೀತು?

ಇದನ್ನು ಪರೀಕ್ಷಿಸಲೆಂದು ನಾನು ಒಮ್ಮೆ ನನ್ನ ತಮ್ಮನ ಎರಡು ಮಾತನ್ನು ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ 300ರ ಕೆಳಗಿನ ಮತ್ತು 3400ರ ಮೇಲಿನ ಭಾಗವನ್ನು ತೆಗೆದು, ಸಂಗೀತ ಕೇಳಲು ಇಟ್ಟುಕೊಂಡಿರುವ ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ತಲೆಯೆತ್ತದೆ, “ಫೋನಿನಲ್ಲಿ ನಿನ್ನ ತಮ್ಮನಾ? ಎಲ್ಲಿಗೆ ಹೋಗಿದ್ದಾನೆ ಅವನು?” ಎಂದರು. ಅವನು ಜಗಲಿಯಲ್ಲೇ ಮಲಗಿದ್ದ. ಅದೇ ಮಾತನ್ನು ಕತ್ತರಿಸದೆ ಅದೇ ಸ್ಪೀಕರಿನಲ್ಲಿ ಹಾಕಿದಾಗ ಅಮ್ಮ ಹಿಂತಿರುಗಿ ಬಾಗಿಲ ಕಡೆ ನೋಡಿದರು.

ಸಮ್ಮೋಹನದ ವಿಷಯವನ್ನು ಹೇಳದೆ ಬಿಡುವಂತಿಲ್ಲ, ಏಕೆಂದರೆ ಅದು ಇಂದಿಗೂ ಜನರನ್ನು ದಾರಿ ತಪ್ಪಿಸುತ್ತಿದೆ. ಆ ವಿದ್ಯೆಗೆ ಪೂರ್ವದೇಶದ ವಿಳಾಸ ಬರೆದದ್ದು ಪಶ್ಚಿಮದ ಕಥೆಗಾರರು. ವೈದ್ಯ ಮೆಸ್ಮರ್ ಸಮ್ಮೋಹನದ ಪೂರ್ವರೂಪವಾದ ತನ್ನ ‘ಪ್ರಾಣಿಕಾಂತತ್ವ’ವನ್ನು ಆರಂಭಿಸಿದ್ದು ವಿಯೆನ್ನಾದಲ್ಲಿ, ವಿಜ್ಞಾನಿಗಳಾದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲವಾಸಿಯೆ ಇದ್ದ ಸಮಿತಿಯು 1784ರಲ್ಲಿ ಪ್ಯಾರಿಸ್ಸಿನಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿದ ಪ್ರಯೋಗಗಳ ಮೂಲಕ ಅದರ ಪರಿಣಾಮವೆಲ್ಲ ಕಲ್ಪನೆಯದೆಂದು ತೋರಿಸಿತು. ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದದ್ದು 1840ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿದ್ದ ವೈದ್ಯ ಜೇಮ್ಸ್ ಬ್ರೇಡ್. ಭಾರತದ ಫಕೀರನೊಬ್ಬ ಇಡೀ ಗುಂಪಿಗೆ ಮಂಕು ಕವಿಸಿ, ಮೇಲೆಸೆದ ಹಗ್ಗವನ್ನು ಹುಡುಗನೊಬ್ಬ ಹತ್ತಿ ಮಾಯವಾದಂತೆ ತೋರಿಸಿದ, ಆದರೆ ಫೋಟೊದಲ್ಲಿ ಹಗ್ಗವೂ ಇರಲಿಲ್ಲ ಹುಡುಗನೂ ಇರಲಿಲ್ಲ ಎಂಬ ಪ್ರಸಿದ್ಧ ವರದಿಯನ್ನು 1890ರಲ್ಲಿ ಅಚ್ಚು ಹಾಕಿದ್ದು ಶಿಕಾಗೋದ ಪತ್ರಿಕೆ. ಕೆಲವೇ ತಿಂಗಳಲ್ಲಿ ಅದು ಕಟ್ಟುಕಥೆಯೆಂದು ಆ ಪತ್ರಿಕೆಯೇ ಒಪ್ಪಿಕೊಂಡಿತು. ತಪ್ಪೊಪ್ಪಿಗೆಯನ್ನು ಓದಿದವರು ಕಡಿಮೆ, ಕಥೆಯನ್ನು ನಂಬಿದವರು ಬಹಳ. ಶ್ಯಾಡೋ ನಾಟಕಕಾರರಿಗೆ ಈ ನಂಬಿಕೆ ಸಿದ್ಧವಸ್ತುವಾಗಿ ದೊರೆಯಿತು. ಸಮ್ಮೋಹನಕ್ಕೆ ಒಳಗಾಗುವವರ ಸಹಕಾರ ಬೇಕು, ಮತ್ತು ಅದು ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಫಲಿಸುವುದಿಲ್ಲ. ಪಿಸ್ತೂಲು ಹಿಡಿದು ಎಚ್ಚರದಿಂದ ನಿಂತವನ ಕಣ್ಣಿನಿಂದ ಮನುಷ್ಯನೊಬ್ಬನನ್ನು ಅಳಿಸಿಹಾಕುವ ಶಕ್ತಿ ಅದಕ್ಕಿಲ್ಲ. ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ಬರುವ ವಶೀಕರಣದ ಜಾಹೀರಾತುಗಳು ನಿಂತಿರುವುದು ಈ ಪೊಳ್ಳು ಅಡಿಪಾಯದ ಮೇಲೆಯೇ, ಅವುಗಳಿಗೆ ಹಣ ಸುರಿದು ಕಣ್ಣೀರಿಡುವವರು ನಮ್ಮ ನೆರೆಹೊರೆಯವರೇ.

ಕಣ್ಣಿಗೆ ಬಿದ್ದರೂ ಕಾಣದಿರುವುದು ನಿಜವಾಗಿ ಸಾಧ್ಯ, ಅದಕ್ಕೆ ಸಮ್ಮೋಹನ ಬೇಕಿಲ್ಲ, ಗಮನ ಬೇರೆಡೆ ಇದ್ದರೆ ಸಾಕು. 1999ರಲ್ಲಿ ಮನೋವಿಜ್ಞಾನಿಗಳಾದ ಸೈಮನ್ಸ್ ಮತ್ತು ಶಾಬ್ರಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡು ಎಷ್ಟು ಸಲ ಕೈ ಬದಲಾಯಿತೆಂದು ಎಣಿಸುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ, ಆಟಗಾರರ ನಡುವೆ ಗೊರಿಲ್ಲಾ ವೇಷದಲ್ಲಿ ನಡೆದುಹೋದ ವ್ಯಕ್ತಿ ಕಾಣಲೇ ಇಲ್ಲ. ಜಾದೂ ಬಲ್ಲ ಗಿಬ್ಸನ್‌ಗೆ ಇದು ಹೊಸ ಸಂಗತಿ ಎನಿಸುತ್ತಿರಲಿಲ್ಲ.

ಆ ನಾಟಕಗಳಲ್ಲಿ ಉಳಿದವು ನಮಗೆ ದೊರೆಯುವುದು ಅಲ್ಯೂಮಿನಿಯಂ ತಟ್ಟೆಗೆ ಮೆರುಗೆಣ್ಣೆ ಬಳಿದು ಕೊರೆದ 16 ಅಂಗುಲದ ಮುದ್ರಿಕೆಗಳಂಥವುಗಳಿಂದ, ಹೆಚ್ಚಾಗಿ ಪ್ರತಿಯ ಪ್ರತಿಯ ಪ್ರತಿಯಾಗಿ. ಪ್ರತಿ ಬಾರಿಯೂ ನಕಲಾಗುವಾಗ ಶಬ್ದದ ಮೇಲಿನ ತುದಿ ಸವೆಯುತ್ತದೆ, ಕೆಳಗಿನ ತುದಿಯಲ್ಲಿ ತಟ್ಟೆಯ ಗುಡುಗು ಸೇರಿ ಮಾತನ್ನು ನುಂಗುತ್ತದೆ, ನಡುವಿನ ಪಟ್ಟಿಯೊಂದೇ ಗಟ್ಟಿಯಾಗಿ ನಿಲ್ಲುತ್ತದೆ. ಹೀಗಾಗಿ ಶ್ಯಾಡೋನ ದನಿಗೆ ಕಾಲ ಮಾಡಿದ ಹಾನಿ ಕಡಿಮೆ; ಕಳೆದುಕೊಳ್ಳಬೇಕಾದದ್ದನ್ನು ಅದು ಸ್ಟುಡಿಯೊದಲ್ಲೇ ಕಳೆದುಕೊಂಡಿತ್ತು. ತೀರ ಸವೆದ ಪ್ರತಿಗಳನ್ನು ಇರುಳಿನಲ್ಲಿ ಕೇಳುವಾಗ ಕ್ರಾನ್‌ಸ್ಟನ್, ಅವನ ಗೆಳತಿ ಮಾರ್ಗೊ ಲೇನ್, ಪೊಲೀಸರು, ಕೊಲೆಗಾರರು ಎಲ್ಲರೂ ಎಲ್ಲಿಂದಲೋ ಮಾತನಾಡುತ್ತಿರುವಂತೆ ಕೇಳಿಸುತ್ತಾರೆ, ಶ್ಯಾಡೋ ಯಾವಾಗ ಕೋಣೆಯೊಳಗೆ ಬಂದನೆಂದು ಗೊತ್ತೇ ಆಗುವುದಿಲ್ಲ.