ರಿಫಂಡ್ ಸಂದೇಶದಲ್ಲಿರುವ ಲಿಂಕ್ ಒತ್ತಬಹುದೇ?

ಪ್ರಶ್ನೆ: ಜುಲೈ ಕೊನೆಯಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದೆ. ವಾರದೊಳಗೆ, ‘ರಿಫಂಡ್ ಮಂಜೂರಾಗಿದೆ, ನಿಮ್ಮ ಖಾತೆ ಸಂಖ್ಯೆ ತಪ್ಪಾಗಿದೆ, ಸರಿಪಡಿಸಲು ಲಿಂಕ್ ಒತ್ತಿ’ ಎಂಬ ಎಸ್‌ಎಂಎಸ್ ಬಂತು. ನನಗೆ ರಿಫಂಡ್ ಬರಬೇಕಿರುವುದು ನಿಜ. ಈ ಸಂದೇಶವನ್ನು ನಂಬಬಹುದೇ?

ಉತ್ತರ: ನಂಬಬೇಡಿ. ನೀವು ರಿಟರ್ನ್ ಸಲ್ಲಿಸಿರುವುದು ವಂಚಕನಿಗೆ ಗೊತ್ತಿರಬೇಕೆಂದೇನೂ ಇಲ್ಲ; ಈ ದಿನಗಳಲ್ಲಿ ಕಂಡಕಂಡ ಸಂಖ್ಯೆಗಳಿಗೆ ಒಂದೇ ಸಂದೇಶ ಕಳುಹಿಸಿದರೂ ರಿಫಂಡ್‌ಗಾಗಿ ಕಾಯುತ್ತಿರುವ ಕೆಲವರಿಗಾದರೂ ಅದು ತಲುಪುತ್ತದೆ.

ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ನೀವು ಇ-ದೃಢೀಕರಣ ಮಾಡಿದ ಮೇಲೆ ಅದರ ಪರಿಶೀಲನೆ ನಡೆಯುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ. ರಿಫಂಡ್ ಇದ್ದರೆ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ಮೊದಲು ದೃಢೀಕರಿಸಿ ಸೂಚಿಸಿದ ಖಾತೆಗೆ ಅದು ಜಮೆಯಾಗುತ್ತದೆ. ಖಾತೆಯ ವಿವರ ಇಲಾಖೆಯ ಬಳಿ ಇದ್ದೇ ಇರುವಾಗ ಅದನ್ನು ಎಸ್‌ಎಂಎಸ್ ಲಿಂಕ್ ಮೂಲಕ ಮತ್ತೆ ಕೇಳುವ ಪ್ರಮೇಯವೇ ಇಲ್ಲ.

ಆದರೂ ಈ ಸುಳ್ಳಿನಲ್ಲಿ ಒಂದೆಳೆ ಸತ್ಯವಿದೆ. ಪ್ಯಾನ್‌ನಲ್ಲಿರುವ ಹೆಸರಿಗೂ ಬ್ಯಾಂಕಿನಲ್ಲಿರುವ ಹೆಸರಿಗೂ ಹೊಂದಿಕೆಯಾಗದಿದ್ದರೆ ಅಥವಾ ಐಎಫ್‌ಎಸ್‌ಸಿ ಸಂಕೇತ ಬದಲಾಗಿದ್ದರೆ ರಿಫಂಡ್ ನಿಜಕ್ಕೂ ವಿಫಲವಾಗುವುದುಂಟು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ವಿಲೀನವಾದ ಮೇಲೆ ಅವುಗಳ ಹಳೆಯ ಸಂಕೇತಗಳು ಬದಲಾದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಾಗಾಗಿದ್ದರೂ ಅದನ್ನು ಸರಿಪಡಿಸುವ ಜಾಗ ಸಂದೇಶದ ಲಿಂಕ್ ಅಲ್ಲ. ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂಬ ವಿಳಾಸವನ್ನು ನೀವೇ ಟೈಪ್ ಮಾಡಿ, ಲಾಗಿನ್ ಆಗಿ, ರಿಫಂಡ್ ಸ್ಥಿತಿಯನ್ನು ನೋಡಿ. ವಿಫಲವಾಗಿದ್ದರೆ ಖಾತೆಯನ್ನು ಸರಿಪಡಿಸಿ ಮರುಪಾವತಿಗೆ ಅಲ್ಲಿಯೇ ಕೋರಿಕೆ ಸಲ್ಲಿಸಬಹುದು.

ನೋಟಿಸ್ ಎಂದು ಹೇಳಿಕೊಂಡು ಪಿಡಿಎಫ್ ಬಂದರೆ ಗಾಬರಿಯಾಗುವ ಮುನ್ನ ಅದರ ಡಿನ್, ಅಂದರೆ ದಾಖಲೆಯ ಗುರುತಿನ ಸಂಖ್ಯೆಯನ್ನು ಹುಡುಕಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಈ ಸಂಖ್ಯೆ ಕಡ್ಡಾಯವಾಗಿದ್ದು, ಅದು ಅಸಲಿಯೇ ಎಂಬುದನ್ನು ಲಾಗಿನ್ ಆಗದೆಯೇ ಪೋರ್ಟಲ್‌ನಲ್ಲಿ ಪರೀಕ್ಷಿಸಬಹುದು. ಇನ್ನು ಯುಪಿಐ ಪಿನ್ ಕೇಳಿದರಂತೂ ವಿಚಾರಣೆಯೇ ಬೇಡ: ಹಣ ಕಳುಹಿಸುವವನಿಗೆ ಪಿನ್ ಬೇಕು, ಪಡೆಯುವವನಿಗಲ್ಲ.

ಈಗಾಗಲೇ ಲಿಂಕ್ ಒತ್ತಿ ವಿವರ ಕೊಟ್ಟಿದ್ದರೆ, ಸಂಕೋಚಪಟ್ಟು ಸುಮ್ಮನಿರದೆ ಮೊದಲು ಬ್ಯಾಂಕಿಗೆ ತಿಳಿಸಿ ಖಾತೆಯ ವಹಿವಾಟು ತಡೆಹಿಡಿಸಿ, ಹಣ ಹೋಗಿದ್ದರೆ ತಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಪೋರ್ಟಲ್‌ನ ಪಾಸ್‌ವರ್ಡ್ ಬದಲಿಸಿ. ಲಿಂಕ್‌ನಿಂದ ಯಾವುದಾದರೂ ಆ್ಯಪ್ ಇಳಿದಿದ್ದರೆ ಅದನ್ನು ತೆಗೆಯುವವರೆಗೆ ಆ ಫೋನಿನಲ್ಲಿ ಬ್ಯಾಂಕಿಂಗ್ ಮಾಡಬೇಡಿ. ಪಾಸ್‌ವರ್ಡ್ ಬದಲಾವಣೆಯನ್ನೂ ಬೇರೊಂದು ಸಾಧನದಲ್ಲಿಯೇ ಮಾಡಿ.